ಉಕ್ಕಿನೊಳಗಿನ ಸೂಜಿರಂಧ್ರ

ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿಡದೆ ಜಾಡಿಯಲ್ಲಿಡುವರು. ಇದರಲ್ಲಿ ರಸಾಯನಶಾಸ್ತ್ರವೇ ಅಡಗಿದೆ. ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಉಪ್ಪಿನ ಕ್ಲೋರೈಡ್ ಅದನ್ನು ಒಂದೆರಡು ಬಿಂದುಗಳಲ್ಲಿ ಭೇದಿಸಿತೆಂದರೆ ಕುಳಿಯೊಳಗೆ ಆಮ್ಲ ಹುಟ್ಟಿ ರಂಧ್ರವು ಆಳವಾಗುತ್ತ ಹೋಗುವುದು. ಸುತ್ತಲಿನ ಲೋಹ ಮಾತ್ರ ಹೊಳೆಯುತ್ತಲೇ ಇರುವುದು! ಯಾವ ಶಾಲೆಯ ಪ್ರಯೋಗಶಾಲೆಯಲ್ಲಾದರೂ ತೋರಿಸಬಹುದಾದ ಸಂಗತಿಯಿದು.

ಭಾರತದಲ್ಲಿ ತೀವ್ರ ವಿಕಿರಣದ ಪರಮಾಣು ತ್ಯಾಜ್ಯವನ್ನು ಗಾಜಿನೊಡನೆ ಕರಗಿಸಿ ಇಂಥದೇ ಉಕ್ಕಿನ ಪಾತ್ರೆಗಳಲ್ಲಿ ತುಂಬುತ್ತಾರೆ. ಗಾಜೇ ಮುಖ್ಯ ರಕ್ಷೆಯೆಂಬುದು ನಿಜ. ಆದರೆ ನೀರು ಗಾಜನ್ನು ಮುಟ್ಟದಂತೆ ತಡೆಯಬೇಕಾದುದು ಲೋಹ. ತುಕ್ಕಿನ ಸರಾಸರಿ ವೇಗವನ್ನು ಹೇಳಿ ಸಮಾಧಾನಪಡಿಸಿದರೆ ಸಾಲದು. ಪಾತ್ರೆಯ ಆಯುಷ್ಯವನ್ನು ನಿರ್ಣಯಿಸುವುದು ಎಲ್ಲಕ್ಕಿಂತ ಆಳವಾದ ಒಂದೇ ಕುಳಿ.

ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಇಂಥ ತ್ಯಾಜ್ಯದ ಶಾಖಕ್ಕೆ ಬಂಡೆ ಹೇಗೆ ಪ್ರತಿಕ್ರಿಯಿಸುವುದೆಂಬ ಪರೀಕ್ಷೆ 1980ರ ದಶಕದಲ್ಲಿ ನಡೆಯಿತು. 2001ರಲ್ಲಿ ಗಣಿ ಮುಚ್ಚಿತು. 2012ರಲ್ಲಿ ತ್ಯಾಜ್ಯವನ್ನು ಅಲ್ಲಿಗೆ ತರುವರೆಂಬ ಸುದ್ದಿಗೆ ಜನರು ಬೀದಿಗಿಳಿದರು. ಸರಕಾರ ಅದನ್ನು ನಿರಾಕರಿಸಿತು. ಕೈಗಾದ ವಿದ್ಯುತ್ತಿನಲ್ಲಿ ಪಾಲುಳ್ಳ ಬಸವನಗುಡಿ, ಮಲ್ಲೇಶ್ವರಗಳ ವಿದ್ಯಾವಂತರು ಆ ಭೀತಿಯನ್ನು ಅಜ್ಞಾನವೆಂದು ಜರೆಯುವುದು ನ್ಯಾಯವಲ್ಲ. ನೀರು ತುಂಬಿದ ಗಣಿಯಲ್ಲಿ ಉಕ್ಕು ಎಷ್ಟು ಕಾಲ ಬಾಳೀತೆಂಬುದು ಲೋಹಶಾಸ್ತ್ರದ್ದೇ ಪ್ರಶ್ನೆ.