ಆಟಗಾರನ ಮನೆಯ ಕೀಲಿಕೈ

"ಮೇಷ್ಟ್ರೇ, ನಿಮ್ಮ ಲಿನಕ್ಸ್ ಕಾಗದಪತ್ರ ಬರೆಯಲು ಸರಿ, ಆಟ ಆಡುವವರಿಗಲ್ಲ" ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಹೇಳುವುದುಂಟು. ಹೀಗೆನ್ನುವವರಲ್ಲಿ ಬಹುಮಂದಿ ತಂತ್ರಾಂಶ ಬರೆದೇ ಅನ್ನ ಕಾಣುವವರು. ಆದುದರಿಂದ ಸ್ವಲ್ಪ ಖಾರವಾಗಿಯೇ ಉತ್ತರಿಸುತ್ತೇನೆ. ಈ ವಯಸ್ಸಿನಲ್ಲಿ ಮುದುಕನಿಗೆ ವಿಡಿಯೋ ಆಟದ ಗೊಡವೆ ಏಕೆಂದು ನಗುವವರು ನಗಲಿ.

ಒಂದು ಕಾಲಕ್ಕೆ ಈ ಆಕ್ಷೇಪ ನಿಜವೇ ಆಗಿತ್ತು. ವಿಂಡೋಸ್‌ಗೆಂದು ಬರೆದ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ನಡೆಸುವ 'ವೈನ್' ಯೋಜನೆ 1993ರಲ್ಲಿಯೇ ಆರಂಭವಾದರೂ, ಅದರ ಮೂಲಕ ಆಟವಾಡಲು ಹೊರಟವನು ಆಡಿದ್ದಕ್ಕಿಂತ ಹೆಣಗಿದ್ದೇ ಹೆಚ್ಚು. ಪ್ರಸಿದ್ಧ ಆಟಗಳನ್ನು ಲಿನಕ್ಸ್‌ಗೆ ತಂದು ಮಾರಲೆಂದು 1998ರಲ್ಲಿ ಹುಟ್ಟಿದ ಲೋಕಿ ಸಂಸ್ಥೆ 2002ರಲ್ಲಿ ಬಾಗಿಲು ಮುಚ್ಚಿತು. 2013ರಲ್ಲಿ ವಾಲ್ವ್ ಸಂಸ್ಥೆಯ ಸ್ಟೀಮ್ ಬಂತು. ಅದನ್ನು ನಂಬಿ 2015ರಲ್ಲಿ ಮಾರುಕಟ್ಟೆಗೆ ಇಳಿದ ಸ್ಟೀಮ್ ಮಷೀನ್‌ಗಳನ್ನು ಕೇಳುವವರಿರಲಿಲ್ಲ. ಆದರೆ 2018ರಲ್ಲಿ ವೈನ್‌ನ ಅಡಿಪಾಯದ ಮೇಲೆಯೇ 'ಪ್ರೋಟಾನ್' ಎದ್ದು ನಿಂತಿತು. 2022ರಲ್ಲಿ ಲಿನಕ್ಸನ್ನೇ ಒಡಲಲ್ಲಿಟ್ಟುಕೊಂಡ ಸ್ಟೀಮ್ ಡೆಕ್ ಎಂಬ ಕೈಯಂತ್ರ ಹೊರಬಂದ ಮೇಲೆ, ವಿಂಡೋಸ್‌ನ ಸಾವಿರಾರು ಆಟಗಳು ಯಾವ ಹೆಣಗಾಟವೂ ಇಲ್ಲದೆ ನಡೆಯತೊಡಗಿದವು. ಸಾಮರ್ಥ್ಯದ ಪ್ರಶ್ನೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಈಗಿನ ತೊಡಕು ಬೇರೆಯೇ ಬಗೆಯದು. ಹಲವರು ಕೂಡಿ ಅಂತರ್ಜಾಲದಲ್ಲಿ ಆಡುವ ಆಟಗಳಲ್ಲಿ ಮೋಸ ಹಿಡಿಯಲು ಕಾವಲು ತಂತ್ರಾಂಶಗಳಿವೆ. ಅವುಗಳಲ್ಲಿ ಪ್ರಮುಖವಾದ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಲ್ಲಿಯೇ ಪ್ರೋಟಾನ್‌ಗೆ ಹೊಂದಿಕೊಂಡವು. ಆಟದ ಒಡೆಯರು ಒಪ್ಪಿಗೆ ಕೊಡಬೇಕಷ್ಟೆ. ಅನೇಕರು ಕೊಡಲಿಲ್ಲ. ಕೊಟ್ಟವರೂ ಹಿಂತೆಗೆದುಕೊಂಡರು: ಲಿನಕ್ಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸ್‌ಗೆ 2024ರ ಅಕ್ಟೋಬರ್ 31ರಂದು ಇಎ ಸಂಸ್ಥೆ ಬೀಗ ಜಡಿಯಿತು. ಮೋಸಗಾರರು ಆ ದಾರಿಯಿಂದ ಬರುತ್ತಾರೆಂಬುದು ಅದು ಕೊಟ್ಟ ಕಾರಣ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ವಿಂಡೋಸ್‌ನಲ್ಲಿ ಮೋಸಗಾರರಿಲ್ಲವೇ? ಪರೀಕ್ಷೆಯಲ್ಲಿ ನಕಲು ಮಾಡುವವರನ್ನು ನಾನೂ ಹಿಡಿದಿದ್ದೇನೆ. ಕೊಠಡಿಯಲ್ಲಿ ಸುತ್ತಾಡಿ, ಉತ್ತರಪತ್ರಿಕೆಗಳನ್ನು ಹೋಲಿಸಿ ಹಿಡಿಯುತ್ತಿದ್ದೆನೇ ಹೊರತು, ಇಂಥ ಊರಿನ ಹುಡುಗರೆಲ್ಲ ಪರೀಕ್ಷೆಗೆ ಬರಕೂಡದೆಂದು ಫಲಕ ಹಾಕಲಿಲ್ಲ; ಮಕ್ಕಳ ಮನೆಯ ಕೀಲಿಕೈಯನ್ನೂ ಕೇಳಲಿಲ್ಲ. ಆದರೆ ವ್ಯಾನ್‌ಗಾರ್ಡ್‌ನಂತಹ ಕಾವಲು ತಂತ್ರಾಂಶಗಳು ಕೇಳುವುದು ಅದನ್ನೇ. ಗಣಕಯಂತ್ರದ ಗರ್ಭಗುಡಿಯಾದ ಕರ್ನಲ್‌ನೊಳಗೆ ಅವು ಕುಳಿತುಕೊಳ್ಳಬೇಕಂತೆ. ಗರ್ಭಗುಡಿಯಲ್ಲಿ ಕುಳಿತವನು ಎಡವಿದರೆ ಏನಾಗುವುದೆಂಬುದನ್ನು 2024ರ ಜುಲೈ 19ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ದೋಷಪೂರ್ಣ ಪರಿಷ್ಕರಣೆಯಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆಯೇ, 85 ಲಕ್ಷ ವಿಂಡೋಸ್ ಯಂತ್ರಗಳು ನೆಲಕಚ್ಚಿದವು, ವಿಮಾನಗಳು ನಿಂತವು. ಅದಾದರೂ ಭದ್ರತೆಗಾಗಿ ಒಳಗೆ ಬಿಟ್ಟುಕೊಂಡದ್ದು. ಒಂದು ಗುಂಡು ಹಾರಿಸುವ ಆಟಕ್ಕೆ ಅಷ್ಟು ಸಲುಗೆಯೇ?

ಲಿನಕ್ಸ್‌ನಲ್ಲಿ ಬಳಕೆದಾರನೇ ಕರ್ನಲ್ಲನ್ನು ಬದಲಿಸಬಲ್ಲನಾದ್ದರಿಂದ ಕಾವಲು ಕಷ್ಟವೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆ ಸ್ವಾತಂತ್ರ್ಯಕ್ಕಾಗಿಯೇ ಅಲ್ಲವೇ ನಾವು ಲಿನಕ್ಸನ್ನು ಆರಿಸಿಕೊಂಡದ್ದು? ಯಾರ ಗುರಿ ಅಸಹಜವಾಗಿ ನಿಖರವಾಗಿದೆ, ಯಾರು ಗೋಡೆಯಾಚೆಗೆ ಕಾಣುವವರಂತೆ ಆಡುತ್ತಿದ್ದಾರೆ ಎಂಬುದನ್ನು ಸಂಸ್ಥೆ ತನ್ನ ಸರ್ವರಿನಲ್ಲಿಯೇ ಪರಿಶೀಲಿಸಬಹುದು. ಅದಕ್ಕೆ ಖರ್ಚಿದೆ, ದುಡಿಮೆಯಿದೆ. ಬೀಗ ಹಾಕುವುದು ಅಗ್ಗ.

ಇನ್ನು ನಮ್ಮ ಲಿನಕ್ಸ್ ಅಭಿಮಾನಿಗಳಿಗೂ ಒಂದು ಮಾತು. "ಈಗ ಎಲ್ಲವೂ ನಡೆಯುತ್ತದೆ" ಎಂದು ಹೊಸಬರನ್ನು ನಂಬಿಸಬೇಡಿ. ಗೆಳೆಯರೊಡನೆ ವ್ಯಾಲೊರಂಟ್ ಆಡುವ ಹುಡುಗನಿಗೆ ಲಿನಕ್ಸ್ ಹಾಕಿಕೊಟ್ಟರೆ ಅವನು ಸಂಜೆಯೇ ನಿಮ್ಮನ್ನು ಶಪಿಸುತ್ತಾನೆ. ಅವನು ಯಾವ ಆಟ ಆಡುತ್ತಾನೆಂದು ಮೊದಲು ಕೇಳಿ. ಆಟದ ಕಂಪನಿಗಳಲ್ಲಿಯೇ ಕೆಲಸ ಮಾಡುವ ನನ್ನ ಶಿಷ್ಯರೂ ಇದನ್ನು ಓದುತ್ತಿರಬಹುದು. ಅಯ್ಯಾ, ನಿಮ್ಮ ಆಟಕ್ಕೆ ಲಿನಕ್ಸ್‌ನಲ್ಲಿ ಒಪ್ಪಿಗೆ ಏಕಿಲ್ಲವೆಂದು ಮುಂದಿನ ಸಭೆಯಲ್ಲಿ ಒಮ್ಮೆ ಕೇಳಿ ನೋಡಿ. ಬಂದ ಉತ್ತರವನ್ನು ನನಗೂ ತಿಳಿಸಿ.