ಲೆಕ್ಕದ ಮಾತು – 6: ಜಾಹೀರಾತಿಗೆ ಕೊಟ್ಟ ದುಡ್ಡಿನ ಲೆಕ್ಕ ಯಾರು ಕೊಡ್ತಾರೆ?

"ಡಿಗ್ರಿ ಮುಗೀಲಿ ಮಗಾ, ಬಿ.ಎಚ್. ರೋಡಲ್ಲಿ ಒಂದು ಫ್ರಾಂಚೈಸಿ ಹಾಕೋಣ" ಅನ್ನೋರು ನಮ್ಮ ಕ್ಲಾಸಲ್ಲೇ ನಾಲ್ಕು ಜನ ಇದ್ದಾರೆ. ಕಡೂರಲ್ಲಿ ತೆಂಗಿನ ದುಡ್ಡು, ತರೀಕೆರೆಯಲ್ಲಿ ಅಡಿಕೆ ದುಡ್ಡು, ಹಾಕೋದು ಮಾತ್ರ ಅಪ್ಪಂದಿರು. ಎಲ್ಲರೂ ವಿಚಾರಿಸೋದು ಫೀಸ್ ಎಷ್ಟು, ರಾಯಲ್ಟಿ ಎಷ್ಟು ಅಂತ. ಅಗ್ರಿಮೆಂಟಿನ ಒಳಗಡೆ ಕೂತಿರೋ ಇನ್ನೊಂದು ಸಾಲನ್ನ ಯಾರೂ ಓದಲ್ಲ: ಮಾರ್ಕೆಟಿಂಗ್ ಕಾಂಟ್ರಿಬ್ಯೂಷನ್.

ತಿಂಗಳಿಗೆ 3 ಲಕ್ಷ ವ್ಯಾಪಾರ, 5% ಕಾಂಟ್ರಿಬ್ಯೂಷನ್ ಅಂತ ಇಟ್ಕೊಳ್ಳಿ. 15,000 ಹೋಯ್ತು, ವರ್ಷಕ್ಕೆ 1.8 ಲಕ್ಷ. ಇದು ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ. ನಷ್ಟದ ತಿಂಗಳಲ್ಲೂ ಕಟ್ಟಬೇಕು.

ಆ ದುಡ್ಡು ಎಲ್ಲಿಗೆ ಹೋಗುತ್ತೆ? ಕೆಎಫ್‌ಸಿ, ಪಿಜ್ಜಾ ಹಟ್‌ಗಳ ಯಮ್ ಕಂಪನಿ ಇದಕ್ಕೇ ಅಂತ ಭಾರತದಲ್ಲಿ ಬೇರೆ ಕಂಪನಿ ಮಾಡಿತ್ತು, ಯಮ್ ರೆಸ್ಟೋರೆಂಟ್ಸ್ ಮಾರ್ಕೆಟಿಂಗ್. ಫ್ರಾಂಚೈಸಿಗಳು ಒಟ್ಟು ಮಾರಾಟದ 5% ಅಲ್ಲಿಗೆ ಕೊಡಬೇಕಿತ್ತು. ಒಂದು ವರ್ಷ ಖರ್ಚು ಕಳೆದು 44 ಲಕ್ಷ ಚಿಲ್ಲರೆ ಉಳೀತು. "ಇದು ಎಲ್ಲರೂ ಕೂಡಿಟ್ಟ ದುಡ್ಡು, ಲಾಭ ಅಲ್ಲ, ಟ್ಯಾಕ್ಸ್ ಬೇಡ" ಅನ್ನೋದು ಅವರ ವಾದ. ಇನ್‌ಕಮ್ ಟ್ಯಾಕ್ಸ್ ಪೇಪರಲ್ಲಿ ಬರೋ ಮ್ಯೂಚುಯಾಲಿಟಿ ಇದೇ ಕಣ್ರೋ! 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಫ್ರಾಂಚೈಸಿಗಳಿಗೆ ಕಡ್ಡಾಯ, ಯಮ್‌ಗೆ ಮಾತ್ರ ಇಷ್ಟ ಇದ್ದರೆ ಕೊಡಬಹುದು. ಸದಸ್ಯನೇ ಅಲ್ಲದ ಪೆಪ್ಸಿ ಕಡೆಯಿಂದಲೂ ದುಡ್ಡು ಬಂದಿತ್ತು. ಹಂಗಾದ್ರೆ ಕೂಡಿಟ್ಟೋರು, ಫಲ ಪಡೆಯೋರು ಒಂದೇ ಗುಂಪು ಅಂತ ಹೇಳೋದು ಹೇಗೆ?

ಅದು ಟ್ಯಾಕ್ಸ್ ಕೇಸು, ಮೋಸದ ಕೇಸಲ್ಲ. ಆದ್ರೆ ನನಗೆ ಅದರಲ್ಲಿ ಕಂಡಿದ್ದು ಬೇರೆ. ಬೀದಿ ಗಣಪತಿಗೆ ನೂರು ರೂಪಾಯಿ ಚಂದಾ ಕೊಟ್ಟೋನೂ ವಿಸರ್ಜನೆ ಆದ ಮೇಲೆ ಲೆಕ್ಕ ಕೇಳ್ತಾನೆ, ಪಟ್ಟಿ ಓದಿ ಹೇಳಲೇಬೇಕು. ಇಲ್ಲಿ 1.8 ಲಕ್ಷ ಕೊಟ್ಟೋನು ಕೇಳಬೇಕಂದ್ರೆ ಅಗ್ರಿಮೆಂಟಲ್ಲಿ ಆ ಹಕ್ಕು ಬರೆದಿರಬೇಕು. ಫ್ರಾಂಚೈಸಿಗೇ ಅಂತ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ, ಕಾಂಟ್ರಾಕ್ಟ್ ಆಕ್ಟ್ 1872 ಇದೆ. ಅಮೆರಿಕದಲ್ಲಾದ್ರೆ ಜಾಹೀರಾತು ನಿಧಿಯಲ್ಲಿ ತಯಾರಿಕೆಗೆ ಎಷ್ಟು, ಮಾಧ್ಯಮಕ್ಕೆ ಎಷ್ಟು, ಆಡಳಿತಕ್ಕೆ ಎಷ್ಟು ಹೋಯ್ತು ಅಂತ ಸಹಿಗೆ ಮುಂಚೆಯೇ ತೋರಿಸಬೇಕು.

ದುಡ್ಡು ಕೂಡಿಸೋದು ತಪ್ಪು ಅಂತಿಲ್ಲ. ಅಜ್ಜಂಪುರದ ಒಂದು ಅಂಗಡಿ ಟಿವಿ ಜಾಹೀರಾತು ಕೊಡೋಕಾಗುತ್ತಾ? ಆದ್ರೆ ಅಜ್ಜಂಪುರಕ್ಕೆ ಗಿರಾಕಿ ತರೋದು ಆಟೋ ಮೈಕು, ಸಂತೆ ದಿನದ ಹ್ಯಾಂಡ್‌ಬಿಲ್ಲು, ಅಂತರಘಟ್ಟೆ ಜಾತ್ರೆಯ ಬ್ಯಾನರ್ರು. 5% ಬೆಂಗಳೂರಿನ ಹೋರ್ಡಿಂಗಿಗೆ ಕೊಟ್ಟು, ಇವಕ್ಕೆ ಮತ್ತೆ ಕೈಯಿಂದ ಹಾಕಬೇಕು.

ಸಹಿ ಹಾಕೋ ಮುಂಚೆ ಕೇಳಿ: ಈ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇದೆಯಾ? ಆಡಿಟ್ ಆದ ಲೆಕ್ಕ ವರ್ಷಕ್ಕೊಮ್ಮೆ ನಮಗೆ ಬರುತ್ತಾ? ಕಂಪನಿಯ ಸ್ವಂತ ಅಂಗಡಿಗಳೂ ಕಟ್ತಾವಾ? ಉಳಿದದ್ದು ಮುಂದಿನ ವರ್ಷದ ಜಾಹೀರಾತಿಗೇನಾ? ಸ್ವಲ್ಪ ಪಾಲು ನಮ್ಮೂರಲ್ಲಿ ಖರ್ಚು ಮಾಡ್ತೀರಾ? ಬಾಯಲ್ಲಿ ಹೂಂ ಅಂದ್ರೆ ಸಾಲದು, ಅಗ್ರಿಮೆಂಟಲ್ಲಿ ಬರೆಸಿ.

ಮನೇಲಿ ಯಾರಾದ್ರೂ ಇಂಥ ಅಗ್ರಿಮೆಂಟ್ ಮಾಡ್ಕೊಂಡಿದ್ರೆ ಆ ಸಾಲಿನ ಫೋಟೋ ಡಿಎಂ ಮಾಡಿ, ಹೆಸರು ಮುಚ್ಚಿ. 7ನೇ ಭಾಗದಲ್ಲಿ ಓದೋಣ.

#ಲೆಕ್ಕದಮಾತು #ಬಿಕಾಂ #ಕಡೂರು #ತರೀಕೆರೆ #ಅಜ್ಜಂಪುರ