ಬೀಳುವುದನ್ನು ಮೊದಲು ಕಲಿಸುವ ವಿದ್ಯೆ

ಹೈದರಾಬಾದಿನ ಮೆಹದಿಪಟ್ಟಣಂನಿಂದ ಟೋಲಿಚೌಕಿಯತ್ತ ಹೊರಡುವ ಹಳೇ ಮುಂಬಯಿ ರಸ್ತೆ ಹಿಡಿದು ಜಹೀರಾಬಾದ್, ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಜಟ್ಟಿಗಳ ಊಟ, ಭಾರ ಎತ್ತುವುದು, ನಡಿಗೆ, ಈಜು, ಕಂಬದ ಕಸರತ್ತು ಎಲ್ಲವನ್ನೂ ದೊರೆ ಅಕ್ಕರೆಯಿಂದ ವಿವರಿಸಿದ್ದಾನೆ. ಹೈದರಾಬಾದಿನ ಬಾರ್ಕಸ್ ಇಂದಿಗೂ ಪೈಲ್ವಾನರ ಮೊಹಲ್ಲಾ. ಹಾಗಿದ್ದರೂ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಕುಸ್ತಿ, ಜೂಡೊ, ಜಿಯು-ಜಿತ್ಸುಗಳಿಂದ ಏನು ಸಿಕ್ಕೀತು?

ಮೊದಲು ಸಿಗುವುದು ಬೀಳುವ ಕಲೆ. ಕಾಲು ಜಾರಿದೊಡನೆ ನಾವು ಕೈಯನ್ನು ನೆಟ್ಟಗೆ ಊರುತ್ತೇವೆ, ಮಣಿಕಟ್ಟು ಮುರಿಯುತ್ತದೆ. ಜೂಡೊ ಕಲಿತವರು ಗದ್ದವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಮುಂಗೈಯಿಂದ ನೆಲ ಬಡಿಯುತ್ತಾರೆ. ಪೆಟ್ಟು ಒಂದೇ ಎಲುಬಿಗೆ ಬೀಳದೆ ಮೈಯೆಲ್ಲ ಹಂಚಿಹೋಗುತ್ತದೆ. ಒದ್ದೆ ಬಚ್ಚಲಿನಲ್ಲೂ ಈ ಅಭ್ಯಾಸ ಕೈಹಿಡಿಯುತ್ತದೆ.

ಗುದ್ದನ್ನು ಗೆಳೆಯನ ಮೇಲೆ ದಿನಾ ಪೂರ್ತಿ ಬಲದಿಂದ ಪ್ರಯೋಗಿಸಲಾಗದು. ಪಟ್ಟಿನ ಮಾತು ಬೇರೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಜಿಯು-ಜಿತ್ಸುವಿನಲ್ಲಿ ಸಿಕ್ಕಿಬಿದ್ದವನು ಅಂಗೈಯಿಂದ ತಟ್ಟಿದರೆ ಎದುರಾಳಿ ತಕ್ಷಣ ಬಿಡುತ್ತಾನೆ. ಹಾಗಾಗಿ ಎದುರಿಗಿದ್ದವರು ನಿಜವಾಗಿ ಸೆಣಸುವಾಗಲೂ ಕಲಿಕೆ ಸಾಗುತ್ತದೆ, ಕಲಿತದ್ದು ಬಂತೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ. ಸೋಲನ್ನು ದಿನಕ್ಕೆ ಹತ್ತು ಸಲ ಒಪ್ಪಿಕೊಂಡವರಿಗೆ ಸೋಲಿನ ಅಂಜಿಕೆ ಕರಗುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಲಾಭ ಉಸಿರಿನದು. ಎಂಬತ್ತು ಕಿಲೋ ಆಳು ಎದೆಯ ಮೇಲೆ ಕೂತಾಗ ಹೊಸಬರು ಉಸಿರು ಬಿಗಿಹಿಡಿದು ಒದ್ದಾಡುತ್ತಾರೆ, ಅರ್ಧ ನಿಮಿಷದಲ್ಲೇ ಸೋತುಹೋಗುತ್ತಾರೆ. ದಿನ ಕಳೆದಂತೆ ಉಸಿರು ಬಿಡಲು, ಮೊಣಕೈ ಒಳಗೆ ಸೇರಿಸಲು, ಸೊಂಟ ಸರಿಸಿ ಗೇಣಗಲ ಜಾಗ ಮಾಡಿಕೊಳ್ಳಲು ಕಲಿಯುತ್ತಾರೆ. ಇಕ್ಕಟ್ಟಿನಲ್ಲಿ ಗಾಬರಿಪಡದೆ ಮುಂದಿನ ಒಂದು ಸಣ್ಣ ಕೆಲಸ ಹುಡುಕುವುದನ್ನು ಮೈಯೇ ರೂಢಿಸಿಕೊಳ್ಳುತ್ತದೆ. ಕಾನೊ ಜಿಗೊರೊ 1882ರಲ್ಲಿ ಟೋಕಿಯೊದಲ್ಲಿ ಜೂಡೊ ಶಾಲೆ ತೆರೆದಾಗ ಈ ವಿದ್ಯೆಯನ್ನು ಶಿಕ್ಷಣವೆಂದೇ ಕರೆದ. ಸ್ವತಃ ಚಿಕ್ಕ ಮೈಕಟ್ಟಿನವನಾಗಿದ್ದ ಆತನಿಗೆ ಎದುರಾಳಿಯ ಬಲವನ್ನೇ ಬಳಸಿಕೊಳ್ಳುವ ಬಗೆ ಬೇಕಿತ್ತು.

ಅಪಾಯಗಳೂ ಇವೆ. ಕೀಲು ಉಳುಕುತ್ತದೆ, ಚಾಪೆ ತೊಳೆಯದಿದ್ದರೆ ಹುಳಕಡ್ಡಿ ಹರಡುತ್ತದೆ. ಕತ್ತು, ಬೆನ್ನಿನ ನೋವಿದ್ದವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಮೆಹದಿಪಟ್ಟಣಂ ಸುತ್ತಮುತ್ತ ತರಬೇತಿಗೆ ಜಾಗ ಹುಡುಕುವವರು ಮೊದಲ ದಿನ ದುಡ್ಡು ಕಟ್ಟದೆ ಮೂಲೆಯಲ್ಲಿ ಕೂತು ನೋಡಿ. ಅಲ್ಲಿನ ಭಾರೀ ಆಳು ಹೊಸ ಹುಡುಗಿಯನ್ನೋ ಹುಡುಗನನ್ನೋ ಹೇಗೆ ಕೆಡವುತ್ತಾನೆ, ತಟ್ಟಿದೊಡನೆ ಬಿಡುತ್ತಾನೆಯೇ, ಉಸ್ತಾದರ ಕಣ್ಣು ಆಗ ಎಲ್ಲಿರುತ್ತದೆ ಎಂಬುದನ್ನು ಗಮನಿಸಿ.